ಲೀಗ್ ಪಂದ್ಯಗಳ ಸಮಯದ ಲೆಕ್ಕದಲ್ಲಿ ಬದಲಾವಣೆ: ತಂಡಗಳಿಗೆ ಪತ್ರ

ವಾರಾಂತ್ಯದ ಸೆವೆನ್ಸ್ (ತಂಡಕ್ಕೆ ಏಳು ಜನರ) ಫುಟ್‌ಬಾಲ್ ಲೀಗ್ ಆಡುವ ತಂಡಗಳ ಕ್ಯಾಪ್ಟನ್‌ಗಳಿಗೆ, ಮ್ಯಾನೇಜರ್‌ಗಳಿಗೆ ಮತ್ತು ನಮ್ಮಲ್ಲಿ ಸ್ಲಾಟ್ ಹಿಡಿಯುವ ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ ಮೊದಲ ಶನಿವಾರದಿಂದ ಲೀಗ್ ಪಂದ್ಯಗಳಲ್ಲಿ ಸಮಯ ಲೆಕ್ಕ ಹಾಕುವ ರೀತಿಯೂ ಪೆಟ್ಟಾದವರನ್ನು ನೋಡಿಕೊಳ್ಳುವ ರೀತಿಯೂ ಬದಲಾಗುತ್ತವೆ. ಸ್ನೇಹಿತರು ಸೇರಿ ಗಂಟೆ ಲೆಕ್ಕದಲ್ಲಿ ಟರ್ಫ್ (ಪ್ಲಾಸ್ಟಿಕ್ ಹುಲ್ಲಿನ ಮೈದಾನ) ಹಿಡಿದು ಆಡುವವರಿಗೆ ಯಾವ ಬದಲಾವಣೆಯೂ ಇಲ್ಲ, ಬಾಡಿಗೆಯೂ ಮೊದಲಿನಷ್ಟೇ. ಲೀಗ್ ತಂಡಗಳವರು ಮಾತ್ರ ಇದನ್ನು ಪೂರ್ತಿ ಓದಿ, ನಿಮ್ಮ ಆಟಗಾರರ ವಾಟ್ಸಾಪ್ ಗುಂಪಿಗೂ ಹಾಕಬೇಕೆಂದು ಕೋರುತ್ತೇವೆ.

ಮೊದಲು ಕಾರಣ. ಗೆಲ್ಲುತ್ತಿರುವ ತಂಡ ಹೊತ್ತು ಎಳೆದರೆ ದೊಡ್ಡ ಸ್ಟೇಡಿಯಂನಲ್ಲಿ ರೆಫರಿ ಆ ಹೊತ್ತನ್ನು ಕೊನೆಗೆ ಸೇರಿಸಿ ಆಡಿಸಬಹುದು. 2022ರ ಕತಾರ್ ವಿಶ್ವಕಪ್‌ನ ಇಂಗ್ಲೆಂಡ್–ಇರಾನ್ ಪಂದ್ಯಕ್ಕೆ ಎರಡೂ ಹಾಫ್ ಸೇರಿ 20 ನಿಮಿಷಕ್ಕೂ ಹೆಚ್ಚು ಸೇರಿಸಿದ್ದು ಹಲವರಿಗೆ ನೆನಪಿರಬಹುದು. ಗಂಟೆ ಲೆಕ್ಕದ ಟರ್ಫ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಐದು ಗಂಟೆಯ ಪಂದ್ಯ ಇನ್ನೂ ನಡೆಯುತ್ತಿರುವಾಗಲೇ ಆರು ಗಂಟೆಯವರು ಶೂ ಕಟ್ಟಿಕೊಂಡು ಗೇಟಿನ ಬಳಿ ನಿಂತಿರುತ್ತಾರೆ. 25 ನಿಮಿಷದ ಎರಡು ಹಾಫ್, ನಡುವೆ 5 ನಿಮಿಷ ಬಿಡುವು, ಕೊನೆಗೆ ಜಾಗ ಖಾಲಿ ಮಾಡಲು 5 ನಿಮಿಷ, ಅಲ್ಲಿಗೆ ಗಂಟೆ ಮುಗಿಯಿತು. ಹಾಗಾಗಿ ಇಲ್ಲಿ ಕಳೆದ ಹೊತ್ತು ಕಳೆದದ್ದೇ. ಗೋಲ್‌ಕೀಪರ್ ಪ್ರತಿ ಸಲ 20 ಸೆಕೆಂಡ್ ಬಾಲ್ ಅಪ್ಪಿಕೊಂಡು ಮಲಗಿದರೆ ಒಂಬತ್ತು ಸಲಕ್ಕೆ ಮೂರು ನಿಮಿಷ. ಎರಡು ಸಲ ಯಾರಾದರೂ ಮೊಣಕಾಲು ಹಿಡಿದು ಉರುಳಿದರೆ ಇನ್ನೊಂದು ಮೂರು. ದೋಷ ಆಟಗಾರರದ್ದು ಎನ್ನುವ ಮೊದಲು ವ್ಯವಸ್ಥೆಯ ದೋಷವನ್ನು ಒಪ್ಪಿಕೊಳ್ಳಬೇಕು. ಬಿದ್ದವರಿಗೆ ಲಾಭವಾಗುವ ಹಾಗೆ ಸ್ಲಾಟ್ ಕತ್ತರಿಸಿದ್ದು ನಾವು.

ಇನ್ನು ಮುಂದೆ ಒಂದು ಹಾಫ್‌ಗೆ 22 ನಿಮಿಷ, ಬಿಡುವು 3 ನಿಮಿಷ. ಇದರಿಂದ ಉಳಿಯುವ 8 ನಿಮಿಷವನ್ನು ಮೀಸಲು ಇಡುತ್ತೇವೆ. ಮೊದಲ ಹಾಫ್‌ಗೆ ಹೆಚ್ಚೆಂದರೆ 3 ನಿಮಿಷ ಸೇರಿಸಬಹುದು. ಅಲ್ಲಿ ಬಳಕೆಯಾಗದೆ ಉಳಿದದ್ದೂ ಸೇರಿ ಮಿಕ್ಕಿದ್ದೆಲ್ಲ ಎರಡನೇ ಹಾಫ್‌ಗೆ. ಐದು ಗಂಟೆಯ ಪಂದ್ಯದಲ್ಲಿ ಹೊತ್ತೇ ಹಾಳಾಗದಿದ್ದರೆ 5:47ಕ್ಕೆ ಕೊನೆಯ ಸೀಟಿ. ಏನೇ ಆದರೂ 5:55ಕ್ಕೆ ಆಟ ನಿಲ್ಲುತ್ತದೆ.

ಆರು ನಿಮಿಷ ಕಡಿಮೆಯಾಯಿತಲ್ಲ ಎಂದು ಕೇಳುವವರಿಗೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಗಡಿಯಾರದಲ್ಲಿ 50 ನಿಮಿಷ ತೋರಿಸಿ ಬಾಲ್ ಉರುಳದೆ ಕಳೆದುಹೋಗುತ್ತಿದ್ದ ಹೊತ್ತನ್ನು ಈಗ ಮೀಸಲು ಮುಗಿಯುವ ತನಕ ಹಾಳಾದಷ್ಟೂ ಹಿಂದಿರುಗಿಸುತ್ತೇವೆ. ಫುಟ್ಸಾಲ್‌ನಂತೆ (ಒಳಾಂಗಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್) ಬಾಲ್ ಹೊರಹೋದಾಗಲೆಲ್ಲ ಗಡಿಯಾರ ನಿಲ್ಲಿಸುವುದು ಇನ್ನೂ ನ್ಯಾಯ. ಆದರೆ ಅಲ್ಲಿ 20 ನಿಮಿಷದ ಹಾಫ್ ನಿಜವಾಗಿ ಮುಗಿಯಲು ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ; ಗಂಟೆಯ ಸ್ಲಾಟಿಗೆ ಅದು ಹೊಂದುವುದಿಲ್ಲ.

ಇದಕ್ಕಾಗಿ ಟಚ್‌ಲೈನ್ (ಮೈದಾನದ ಪಕ್ಕದ ಗೆರೆ) ಬಳಿಯ ಮೇಜಿನಲ್ಲಿ ಒಬ್ಬ ಟೈಮ್‌ಕೀಪರ್ ಕೂರುತ್ತಾರೆ. ಅವರ ಬಳಿ ಎರಡು ಸ್ಟಾಪ್‌ವಾಚ್. ಒಂದು ಆರಂಭವಾದ ಮೇಲೆ ನಿಲ್ಲುವುದೇ ಇಲ್ಲ. ಇನ್ನೊಂದು ಹಾಳಾದ ಹೊತ್ತನ್ನು ಮಾತ್ರ ಕೂಡಿಸುತ್ತದೆ: ಪೆಟ್ಟು, ಕಾರ್ಡ್, ನಿಧಾನದ ಸಬ್ (ಬದಲಿ ಆಟಗಾರ), ಬಲೆ ಹಾರಿ ರಸ್ತೆಗೆ ಹೋದ ಬಾಲ್, ಗೋಲ್ ಸಂಭ್ರಮ. ರೆಫರಿ ಮಣಿಕಟ್ಟಿನ ಮೇಲೆ ಬೆರಳಿಟ್ಟು ತೋರಿಸಿದರೆ ಆ ವಾಚ್ ಓಡಲು ಶುರುವಾಯಿತೆಂದು ಅರ್ಥ. ಅದು ಕೂಡಿಸಿದ ಹೊತ್ತು ಬೋರ್ಡಿನಲ್ಲಿ ಕೆಂಪು ಅಂಕಿಯಲ್ಲಿ ಎಲ್ಲರಿಗೂ ಕಾಣುತ್ತದೆ. ನೆಲಕ್ಕೆ ಬಿದ್ದವರ ಕಣ್ಣಿಗೂ ಆ ಅಂಕಿ ಏರುವುದು ಬೀಳಬೇಕು. ಬೋರ್ಡನ್ನು ಸೆಂಟರ್‌ಲೈನಿನ ನೇರಕ್ಕೆ ಸರಿಸಿದ್ದು ಅದಕ್ಕೇ. ಟೈಮ್‌ಕೀಪರ್ ಖರ್ಚಿಗೆಂದು ಪ್ರತಿ ಪಂದ್ಯಕ್ಕೆ ಪ್ರತಿ ತಂಡ ₹100 ಹೆಚ್ಚು ಕೊಡಬೇಕಾಗುತ್ತದೆ. ಹೆಚ್ಚಳ ಇದೊಂದೇ.

ಗೋಲ್‌ಕೀಪರ್‌ಗಳು ಗಮನಿಸಬೇಕಾದ್ದು 8 ಸೆಕೆಂಡ್. ಫುಟ್‌ಬಾಲ್ ನಿಯಮಗಳಲ್ಲಿ 2025ರ ಜುಲೈನಿಂದ ಬಂದ ತಿದ್ದುಪಡಿಯನ್ನೇ ನಾವೂ ತೆಗೆದುಕೊಂಡಿದ್ದೇವೆ. ಬಾಲ್ ಕೈಯಲ್ಲಿ ಭದ್ರವಾಯಿತೆಂದು ರೆಫರಿಗೆ ಖಚಿತವಾದ ಕ್ಷಣದಿಂದ ಎಣಿಕೆ. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳು ಮಡಚುತ್ತ ತೋರಿಸುತ್ತಾರೆ. ಮೀರಿದರೆ ಎದುರಾಳಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆತ). ಹಿಂದೆ 6 ಸೆಕೆಂಡಿನ ನಿಯಮವಿತ್ತು, ಮೀರಿದರೆ ಗೋಲ್ ಮುಂದಿನ ಬಾಕ್ಸ್ ಒಳಗೆ ಇಂಡೈರೆಕ್ಟ್ ಫ್ರೀಕಿಕ್ (ಇನ್ನೊಬ್ಬರಿಗೆ ತಾಗಿದ ಮೇಲಷ್ಟೇ ಗೋಲ್ ಆಗುವ ಹೊಡೆತ). ಶಿಕ್ಷೆ ಅಷ್ಟು ಭಾರವಾದ್ದರಿಂದ ರೆಫರಿಗಳು ಸೀಟಿ ಊದಲು ಹಿಂಜರಿಯುತ್ತಿದ್ದರು, ನಿಯಮ ಪುಸ್ತಕದಲ್ಲೇ ಉಳಿಯಿತು. ಕಾರ್ನರ್ ಕೊಡಲು ಯಾವ ರೆಫರಿಯೂ ಅಂಜಬೇಕಿಲ್ಲ. ಎದುರಾಳಿ ಫಾರ್ವರ್ಡ್ ಅಡ್ಡ ನಿಂತು ಬಾಲ್ ಬಿಡಲು ಕೊಡದಿದ್ದರೆ ಮಾತ್ರ ತಪ್ಪು ಅವನದು, ಫ್ರೀಕಿಕ್ ಕೀಪರ್ ತಂಡಕ್ಕೆ.

ಟಚ್‌ಲೈನಿನಿಂದ ಬಾಲ್ ಒಳಗೆ ಹಾಕಲು 5 ಸೆಕೆಂಡ್. ಫುಟ್ಸಾಲ್‌ನಲ್ಲಿ ನಾಲ್ಕೇ ಇದೆ. ಹವ್ಯಾಸಿಗಳಿಗೆ ಒಂದು ಹೆಚ್ಚಿಗೆ ಕೊಟ್ಟಿದ್ದೇವೆ. ಮೀರಿದರೆ ಅದೇ ಜಾಗದಿಂದ ಎದುರಾಳಿಗೆ. ಎಲ್ಲರೂ ನೋಡಿರುವ ಒಂದು ದೃಶ್ಯ: ಒಬ್ಬ ಬಾಲ್ ಎತ್ತಿ ತಲೆಯ ಹಿಂದಕ್ಕೆ ತರುತ್ತಾನೆ, ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಆಮೇಲೆ ಬಾಲನ್ನು ಮೆಲ್ಲಗೆ ನೆಲಕ್ಕಿಟ್ಟು ದೂರದಿಂದ ನಡೆದು ಬರುವ ಡಿಫೆಂಡರ್‌ಗೆ ಬಿಟ್ಟುಹೋಗುತ್ತಾನೆ. ನಿಯಮದ ಪ್ರಕಾರ ಇದಕ್ಕೇ ಒಂದು ಹಳದಿ ಕಾರ್ಡ್ ಇದೆ. ಇನ್ನು ಮೇಲೆ ಕೊಡುತ್ತೇವೆ. ಸೀಟಿ ಊದಿದ ಮೇಲೆ ಬಾಲ್ ಎತ್ತಿಕೊಂಡು ಹೋಗುವುದಕ್ಕೂ, ಫ್ರೀಕಿಕ್ ಮತ್ತೆ ಹೊಡೆಸಲಿ ಎಂದು ಬೇಕಂತಲೇ ತಪ್ಪು ಜಾಗದಿಂದ ಹೊಡೆಯುವುದಕ್ಕೂ ಅದೇ ಕಾರ್ಡ್.

ಬಾಲ್ ತರುವ ನೆಪ ಇರಬಾರದೆಂದು ಪ್ರತಿ ಪಂದ್ಯಕ್ಕೆ ನಾಲ್ಕು ಬಾಲ್ ಇಡುತ್ತೇವೆ: ಆಟದಲ್ಲಿ ಒಂದು, ಎರಡೂ ಗೋಲ್ ಹಿಂದೆ ಒಂದೊಂದು, ಮೇಜಿನ ಬಳಿ ಒಂದು. ನಿಯಮ 8.5ರಿಂದ 15.6 ಪಿಎಸ್‌ಐ ಗಾಳಿಗೆ ಅವಕಾಶ ಕೊಡುತ್ತದೆ. ನಾಲ್ಕಕ್ಕೂ ಗೇಜ್ ಹಾಕಿ 9 ಪಿಎಸ್‌ಐ ತುಂಬುತ್ತೇವೆ, ಏಕೆಂದರೆ ಒಂದು ಗಟ್ಟಿ ಒಂದು ಮೆತ್ತಗೆ ಇದ್ದರೆ ಬಾಲ್ ಬದಲಿಸಿ ಎನ್ನುವ ಜಗಳವೇ ಹೊಸದೊಂದು ಹೊತ್ತುಗಳ್ಳ.

ಈಗ ಪೆಟ್ಟಿನ ವಿಷಯ. ಹೆಚ್ಚು ಯೋಚಿಸಿ ಮಾಡಿದ್ದು ಇದನ್ನೇ.

ಬಿದ್ದವನು ನಾಟಕ ಮಾಡುತ್ತಿದ್ದಾನೋ ನಿಜವಾಗಿ ನೋಯುತ್ತಿದೆಯೋ ಎಂದು ತೀರ್ಪು ಕೊಡಲು ರೆಫರಿಗೆ ನಾವು ಹೇಳುವುದಿಲ್ಲ. ಕಾಲಿನ ಮೀನಖಂಡ ಹಿಡಿದುಕೊಂಡಾಗ ಹೊರಗಿನಿಂದ ಏನೂ ಕಾಣದು, ಆದರೆ ಜೀವ ಹೋದಂತಾಗುತ್ತದೆ. ಪಾದದ ಗಂಟಿಗೆ ಶೂ ಅಡಿಯ ಸ್ಟಡ್ ತಾಗಿದರೆ ಅರ್ಧ ನಿಮಿಷ ಅರಚಿ ಆಮೇಲೆ ಸರಾಗ ಓಡುವುದೂ ಸಹಜವೇ. ಆದ್ದರಿಂದ ರೆಫರಿ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಆಡ್ತೀರಾ, ಫಸ್ಟ್ ಏಡ್ ಕರೀಲಾ?’ ಆಡುತ್ತೇನೆಂದರೆ ಎದ್ದು ಆಡಬೇಕು. ಫಸ್ಟ್ ಏಡ್ ಒಳಗೆ ಬಂದರೆ ಆಟಗಾರ ಹೊರಗೆ ಹೋಗಲೇಬೇಕು, ಆರೈಕೆ ಗೆರೆಯಾಚೆ. ಆಟ ಮತ್ತೆ ಶುರುವಾದ ಮೇಲೆ 2 ನಿಮಿಷ ಅವರು ಒಳಗೆ ಬರುವಂತಿಲ್ಲ. ಅಮೆರಿಕದ ಎಂಎಲ್‌ಎಸ್ ಲೀಗ್‌ನಲ್ಲಿ 15 ಸೆಕೆಂಡಿಗಿಂತ ಹೆಚ್ಚು ಬಿದ್ದಿದ್ದು ಆರೈಕೆ ಪಡೆದವರಿಗೆ 2024ರಲ್ಲಿ ತಂದದ್ದೂ ಈ ಎರಡು ನಿಮಿಷವೇ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2023–24ರಲ್ಲಿ 30 ಸೆಕೆಂಡ್ ಇಟ್ಟಿತ್ತು.

ಆದರೆ ಅವರ ಜಾಗಕ್ಕೆ ಸಬ್ ಕೂಡಲೇ ಒಳಗೆ ಬರಬಹುದು. ಒಬ್ಬ ಕಡಿಮೆ ಆಡಿಸಿದರೆ ಶಿಕ್ಷೆ ಇನ್ನೂ ಬಿಗಿಯಾಗುತ್ತದಲ್ಲ ಎಂಬ ವಾದವಿದೆ. ನಮಗೆ ಅದು ಒಪ್ಪಿಗೆಯಾಗಲಿಲ್ಲ. ತಂಡ ಆರು ಜನಕ್ಕೆ ಇಳಿಯುತ್ತದೆಂದರೆ ಕ್ಯಾಪ್ಟನ್ ‘ಏನಿಲ್ಲ ಎದ್ದೇಳೋ’ ಎಂದು ಎಬ್ಬಿಸುತ್ತಾನೆ, ಲಿಗಮೆಂಟ್ ಹೋದವನೂ ನೋವು ನುಂಗಿಕೊಂಡು ನಿಲ್ಲುತ್ತಾನೆ. ಸುಳ್ಳು ತಡೆಯಲು ಹೋಗಿ ನಿಜವಾದ ಪೆಟ್ಟು ಮುಚ್ಚಿಡುವಂತಾಗಬಾರದು. ಬಿದ್ದಿದ್ದ ಹೊತ್ತು ಹೇಗೂ ಕೆಂಪು ಅಂಕಿಗೆ ಸೇರಿರುತ್ತದೆ.

ಗೋಲ್‌ಕೀಪರ್‌ಗೆ ಪೆಟ್ಟಾದರೆ, ಒಂದೇ ತಂಡದ ಇಬ್ಬರು ಡಿಕ್ಕಿ ಹೊಡೆದರೆ, ಪೆಟ್ಟು ಗಂಭೀರವಾಗಿದ್ದರೆ, ಅಥವಾ ಫೌಲ್ ಮಾಡಿದ ಎದುರಾಳಿಗೆ ಕಾರ್ಡ್ ಸಿಕ್ಕಿ ಆರೈಕೆ ಬೇಗ ಮುಗಿದರೆ ಹೊರಹೋಗುವ ನಿಯಮ ಅನ್ವಯಿಸುವುದಿಲ್ಲ. ಕೀಪರ್ ವಿನಾಯಿತಿಯಲ್ಲಿ ಒಂದು ತೂತಿದೆ. ಕೀಪರ್ ಕೂತುಕೊಂಡ ತಕ್ಷಣ ಉಳಿದ ಆರೂ ಜನ ಬೆಂಚಿನ ಹತ್ತಿರ ಓಡಿ ನೀರು ಕುಡಿದು, ಕೋಚ್ ಹೇಳಿದ್ದು ಕೇಳಿಕೊಂಡು ಬರುತ್ತಾರೆ. ಇನ್ನು ಮುಂದೆ ಕೀಪರ್ ಆರೈಕೆ ಮುಗಿಯುವ ತನಕ ಎರಡೂ ತಂಡದವರು ಸೆಂಟರ್ ಸರ್ಕಲ್‌ನಲ್ಲಿ ನಿಲ್ಲಬೇಕು. ಕೋಚ್ ಗೆರೆ ಬಳಿ ಬರುವಂತಿಲ್ಲ. ನೀರಿಗೆ ಬೇರೆಯೇ ಹೊತ್ತಿದೆ: ಮಾರ್ಚ್‌ನಿಂದ ಮೇವರೆಗೆ ಸಂಜೆ 4:30ಕ್ಕೆ ಮೊದಲು ಶುರುವಾಗುವ ಪಂದ್ಯಗಳಲ್ಲಿ ಪ್ರತಿ ಹಾಫ್‌ನ ನಡುವೆ ಒಂದು ನಿಮಿಷ, ಮೀಸಲಿನಿಂದ. ನಮ್ಮ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಮಣ್ಣಿನ ಮೈದಾನಕ್ಕಿಂತ ಬಹಳ ಹೆಚ್ಚು ಕಾಯುತ್ತದೆ.

ತಲೆಗೆ ಪೆಟ್ಟಾದರೆ ಯಾವ ಗಡಿಯಾರವೂ ಇಲ್ಲ. ತಲೆ ಸುತ್ತು, ವಾಂತಿ, ಕಣ್ಣು ಮಂಜು, ಸ್ಕೋರ್ ಎಷ್ಟೆಂದು ನೆನಪಿಲ್ಲದಿರುವುದು, ಮಾತು ತೊದಲುವುದು, ನಿಂತಲ್ಲಿ ತೂಗಾಡುವುದು, ಒಂದೇ ಒಂದು ಕಂಡರೂ ಆ ದಿನ ಮತ್ತೆ ಆಡಿಸುವುದಿಲ್ಲ. ವಾಂತಿ, ಪ್ರಜ್ಞೆ ತಪ್ಪುವುದು, ಹೆಚ್ಚುತ್ತಿರುವ ತಲೆನೋವು ಇದ್ದರೆ ನೇರ ಆಸ್ಪತ್ರೆಗೆ. ಮೇಲೆ ಹೇಳಿದ ಇಂಗ್ಲೆಂಡ್–ಇರಾನ್ ಪಂದ್ಯದಲ್ಲಿ ಇರಾನ್ ಕೀಪರ್ ಬೈರನ್‌ವಂದ್ ಸ್ವಂತ ತಂಡದವನ ತಲೆಗೇ ಡಿಕ್ಕಿಯಾಗಿ, ದೀರ್ಘ ಆರೈಕೆಯ ನಂತರ ಆಟ ಮುಂದುವರಿಸಿ, ಸ್ವಲ್ಪದರಲ್ಲೇ ಕುಸಿದು ಸ್ಟ್ರೆಚರ್ ಮೇಲೆ ಹೋಗಬೇಕಾಯಿತು. ಅವತ್ತು ಸೇರಿಸಿದ ನಿಮಿಷಗಳಲ್ಲಿ ಆ ಹೊತ್ತೂ ಇತ್ತು. ‘ನಾನು ಸರಿಯಾಗಿದ್ದೀನಿ’ ಎಂದು ಆಟಗಾರ ಹೇಳುವುದನ್ನು ತಲೆಪೆಟ್ಟಿನಲ್ಲಿ ಒಪ್ಪಿಕೊಳ್ಳಬೇಡಿ.

ರಕ್ತ ಬರುತ್ತಿದ್ದರೆ ನಿಂತ ಮೇಲೆಯೇ ಒಳಗೆ. ಟರ್ಫ್ ತರಚಿದ ಗಾಯಕ್ಕೆ ಸೋಪು ನೀರು ಹಾಕಿ, ಅಂಟಿದ ಕಪ್ಪು ರಬ್ಬರ್ ಪುಡಿ ಪೂರ್ತಿ ತೆಗೆದು, ಅಂಟದ ಗಾಜ್ ಕಟ್ಟುತ್ತೇವೆ. ಪುಡಿ ಉಳಿದರೆ ಕೀವಾಗುತ್ತದೆ. ಮೀನಖಂಡದ ಸ್ನಾಯು ಹಿಡಿದುಕೊಂಡರೆ ಮೊಣಕಾಲು ನೇರ ಮಾಡಿ, ಕಾಲ್ಬೆರಳನ್ನು ಮೊಣಕಾಲ ಕಡೆಗೆ ನಿಧಾನ ಎಳೆದು ಹಿಡಿದಿರಿ. ಜಗ್ಗಬೇಡಿ, ಗುದ್ದಬೇಡಿ. ಕೋಲ್ಡ್ ಸ್ಪ್ರೇಯನ್ನು ಫಸ್ಟ್ ಏಡ್ ಪೆಟ್ಟಿಗೆಯಿಂದ ತೆಗೆದುಹಾಕಿದ್ದೇವೆ. ಅದು ಚರ್ಮವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಅಷ್ಟೇ. ಬದಲಿಗೆ ಬಟ್ಟೆ ಸುತ್ತಿದ ಐಸ್, 10ರಿಂದ 15 ನಿಮಿಷ.

ಎದುರಾಳಿ ಬಿದ್ದನೆಂದು ಬಾಲ್ ಹೊರಗೆ ಹೊಡೆಯುವ ಅಗತ್ಯವಿಲ್ಲ. ಆಟ ನಿಲ್ಲಿಸುವುದು ರೆಫರಿಯ ಕೆಲಸ. ಬಾಲ್ ವಾಪಸ್ ಕೊಟ್ಟರೋ ಇಲ್ಲವೋ ಎಂಬ ತಕರಾರು ಅಲ್ಲಿಗೆ ಮುಗಿಯುತ್ತದೆ.

ಸಬ್ ಆಗಿ ಹೊರಬರುವವರಿಗೆ 10 ಸೆಕೆಂಡ್. ನಮ್ಮದು ಬಲೆ ಕಟ್ಟಿದ ಟರ್ಫ್, ಒಂದೇ ಗೇಟ್. ಹತ್ತಿರದ ಗೆರೆ ದಾಟಿ ಹೋಗಿ ಎನ್ನುವ ಹಾಗಿಲ್ಲ. ಓಡಿದರೆ ಹತ್ತು ಸೆಕೆಂಡ್ ಸಾಕು, ಚಪ್ಪಾಳೆ ತಟ್ಟುತ್ತ ನಡೆದರೆ ಸಾಲದು. ಮೀರಿದರೆ ಒಳಬರುವವರು ಒಂದು ನಿಮಿಷ ಕಾಯಬೇಕು.

ಒಬ್ಬರೂ ಮುಟ್ಟದೆ ಬಿದ್ದು ಫೌಲ್ ಕೇಳುವುದಕ್ಕೆ ಹಳದಿ ಕಾರ್ಡ್. ರೆಫರಿ ಕಣ್ಣಾರೆ ಕಂಡಿದ್ದರೆ ಮಾತ್ರ. ಟ್ಯಾಕಲ್ ತಪ್ಪಿಸಿಕೊಳ್ಳಲು ಹಾರಿ ಬೀಳುವುದು ತಪ್ಪಲ್ಲ.

ಮೀಸಲು ಮುಗಿದ ಮೇಲೂ ಎಳೆದರೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. 5:55 ದಾಟಿಸಲು ನಮ್ಮಿಂದ ಆಗದು. ಅದಕ್ಕೆಂದೇ ಹೊತ್ತು ಎಳೆದದ್ದಕ್ಕೆ, ಯಾರೂ ಮುಟ್ಟದೆ ಬಿದ್ದು ಫೌಲ್ ಕೇಳಿದ್ದಕ್ಕೆ ಹಳದಿ ಸಿಕ್ಕವರು 5 ನಿಮಿಷ ಹೊರಗೆ, ಸಬ್ ಇಲ್ಲದೆ. ತಳಮಟ್ಟದ ಫುಟ್‌ಬಾಲ್‌ಗೆ ಇಂಥ ತಾತ್ಕಾಲಿಕ ಹೊರಹಾಕುವಿಕೆಯನ್ನು ನಿಯಮಗಳೇ ಒಪ್ಪುತ್ತವೆ, ಒಟ್ಟು ಆಟದ ಶೇ 10ರಿಂದ 15ರಷ್ಟು ಹೊತ್ತಿಗೆ. 44 ನಿಮಿಷಕ್ಕೆ ಐದು ಸರಿಹೊಂದುತ್ತದೆ. ಕೀಪರ್‌ಗೂ ಇದೇ, ಬೇರೊಬ್ಬರು ಗ್ಲೌಸ್ ಹಾಕಿಕೊಳ್ಳಬೇಕು.

ಮಂಡ್ಯ, ಶ್ರೀರಂಗಪಟ್ಟಣ, ನಂಜನಗೂಡಿನಿಂದ ಬರುವ ತಂಡಗಳಿಗೆ: ಆರಂಭ ತಡವಾದರೆ ಆ ನಿಮಿಷಗಳು ಮೊದಲು ಮೀಸಲಿನಿಂದಲೇ ಹೋಗುತ್ತವೆ. ದಸರಾ ದಿನಗಳಲ್ಲಿ ಸಂಜೆಯ ಟ್ರಾಫಿಕ್ ನೋಡಿ ಎರಡು ಪಂದ್ಯಗಳ ನಡುವೆ 15 ನಿಮಿಷ ಖಾಲಿ ಬಿಡುತ್ತೇವೆ.

ಹೊಸ ನಿಯಮ ಶುರುವಾಗುವ ಹಿಂದಿನ ಬುಧವಾರ ಸಂಜೆ ಏಳಕ್ಕೆ ಟರ್ಫ್‌ನಲ್ಲೇ ಕ್ಯಾಪ್ಟನ್‌ಗಳ ಸಭೆ. ಪ್ರತಿ ತಂಡದಿಂದ ಇಬ್ಬರು ಬನ್ನಿ, ಒಬ್ಬರು ಕೀಪರ್ ಆಗಿರಲಿ. ಎಂಟು ಸೆಕೆಂಡಿನ ಎಣಿಕೆಯನ್ನು ರೆಫರಿಗಳು ಅಲ್ಲೇ ಮಾಡಿ ತೋರಿಸುತ್ತಾರೆ.

ಇಂತಿ,
ಟರ್ಫ್ ನಡೆಸುವ ಸಹಕಾರ ಸಂಘದ ಆಡಳಿತ ಮಂಡಳಿ
ಮೈಸೂರು