ನನ್ನನ್ನು ಲಂಡನ್ನಿಗೆ ತಳ್ಳಿದವರಿಗೆ ಥ್ಯಾಂಕ್ಸ್

ಕೋರ್ಸ್ ಮುಗಿಯಿತು. ಕ್ಯೂಟಿಎಸ್ ಬಂತು. ಅಂದರೆ ಇನ್ನು ಮೇಲೆ ನಾನು ಇಂಗ್ಲೆಂಡಿನಲ್ಲಿ ಲೆಕ್ಕಕ್ಕಿರುವ ಫಿಸಿಕ್ಸ್ ಟೀಚರ್. ಸೆಪ್ಟೆಂಬರಿನಿಂದ ಕೆಲಸ. ಹೊಸ ಟೀಚರುಗಳಿಗೆ ಅಂತ ಇನ್ನೂ ಎರಡು ವರ್ಷದ ಇಂಡಕ್ಷನ್ ಇದ್ದೇ ಇದೆ, ಅದು ಬಿಡಿ. ಸುದ್ದಿ ಕೇಳಿ ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ತಿಪಟೂರಿನಲ್ಲಿ ನಮ್ಮಮ್ಮನ ಮನೆಗೇ ಹೋಗಿ ಸ್ವೀಟ್ ತಿಂದು ಬಂದವರು, ಎಲ್ಲರಿಗೂ ಧನ್ಯವಾದ. ಆದರೆ ಈ ಬರಹ ಬೇರೆ ಕೆಲವರಿಗೆ. ಹೋದ ವರ್ಷ, 2024ರ ಅಕ್ಟೋಬರ್ ಕೊನೆಯಲ್ಲಿ, ನನ್ನನ್ನು ಲ್ಯಾಪ್‌ಟಾಪ್ ಮುಂದಿನಿಂದ ಎಬ್ಬಿಸಿ ಲಂಡನ್ ನೋಡಿಕೊಂಡು ಬಾ ಅಂತ ಕಳಿಸಿದವರಿಗೆ. ಆ ಶನಿವಾರ ಭಾನುವಾರ ಸಿಗದೇ ಹೋಗಿದ್ದರೆ ನಾನು ಕ್ರಿಸ್‌ಮಸ್ ರಜೆಗೆ ಊರಿಗೆ ಬಂದವಳು ವಾಪಸ್ ಹೋಗುತ್ತಿದ್ದೆನೋ ಇಲ್ಲವೋ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿನ ಪಿಜಿಸಿಇ ಹೆಚ್ಚುಕಡಿಮೆ ನಮ್ಮ ಬಿ.ಎಡ್ ಇದ್ದಂತೆ. ನಮ್ಮಲ್ಲಿ ಎರಡು ವರ್ಷ, ಇಲ್ಲಿ ಒಂದೇ. ಅದರಲ್ಲೂ ಕನಿಷ್ಠ 120 ದಿನ ಶಾಲೆಯೊಳಗೇ ಕಳೆಯಬೇಕು, ಎರಡು ಬೇರೆ ಬೇರೆ ಶಾಲೆಗಳಲ್ಲಿ. ಫಿಸಿಕ್ಸ್ ಕಲಿಸುವವರು ಈ ದೇಶಕ್ಕೆ ಸಾಲುತ್ತಿಲ್ಲ, ಅದಕ್ಕೇ ನಮ್ಮಂಥ ಹೊರಗಿನವರಿಗೂ ದುಡ್ಡು ಕೊಟ್ಟು ಕರೆಯುತ್ತಾರೆ. ಕರೆದ ಮೇಲೆ ಮಾತ್ರ ಅರೆಯುತ್ತಾರೆ. ಪ್ರತಿ ಪೀರಿಯಡ್‌ಗೂ ಪ್ಲಾನ್, ಮಕ್ಕಳು ಬಂದು ಕೂರುವಷ್ಟರಲ್ಲಿ ಬೋರ್ಡ್ ಮೇಲೆ ‘ಡು ನೌ’ ಪ್ರಶ್ನೆಗಳು, ಮುಗಿಯುವಾಗ ಏನು ಕಲಿತರು ಅಂತ ಬರೆಸಿಕೊಳ್ಳುವ ಎಕ್ಸಿಟ್ ಟಿಕೆಟ್, ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಪಾಠ ನೋಡಿ ಫಾರಂ ತುಂಬುವ ಮೆಂಟರ್ ಟೀಚರ್. ಊರಲ್ಲಿ ಬಿ.ಎಡ್ ಮಾಡುವಾಗ ಕ್ರಿಟಿಸಿಸಂ ಲೆಸನ್, ಅಂದರೆ ಮೇಷ್ಟ್ರು ಕೂತು ನೋಡಿ ತಪ್ಪು ಹೇಳುವ ಪಾಠ, ವರ್ಷಕ್ಕೆ ಯಾವಾಗಲೋ ಬರುವ ಜ್ವರ. ಇಲ್ಲಿ ದಿನಾ ಬರುತ್ತೆ. ನನ್ನ ಪಾಲಿಗೆ ಬಿದ್ದ ಇಯರ್ 8 ಕ್ಲಾಸು, ಹನ್ನೆರಡು ಹದಿಮೂರು ವರ್ಷದ ಮಕ್ಕಳು, ಶುಕ್ರವಾರ ಕೊನೆ ಪೀರಿಯಡ್. ಶಿಕ್ಷಕರಾಗಿರುವವರಿಗೆ ಇಷ್ಟು ಹೇಳಿದರೆ ಸಾಕು.

ನಾನಿದ್ದದ್ದು ರೆಡಿಂಗ್‌ನಲ್ಲಿ. ಅಲ್ಲಿಂದ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ತುಮಕೂರಿನಿಂದ ಬೆಂಗಳೂರಿಗಿಂತ ಹತ್ತಿರ ಅನ್ನಿ. ಹಾಗಿದ್ದೂ ನಾನು ಲಂಡನ್ ನೋಡಿರಲಿಲ್ಲ. ಹೀತ್ರೋದಲ್ಲಿ ಇಳಿದು ಅಲ್ಲಿಂದಲೇ ಬಸ್ಸು ಹತ್ತಿ ರೆಡಿಂಗ್‌ಗೆ ಬಂದಿದ್ದೆ, ಆಮೇಲೆ ಶನಿವಾರ ಬಂದರೆ ಸೋಮವಾರದ ಪ್ಲಾನ್, ಭಾನುವಾರ ಬಂದರೆ ಮಂಗಳವಾರದ್ದು.

ಮೊದಲ ಥ್ಯಾಂಕ್ಸ್ ನನ್ನ ಮೆಂಟರ್‌ಗೆ. ಕೆಮಿಸ್ಟ್ರಿ ಮೇಡಂ, ಮಾತು ಕಡಿಮೆ, ಟೀ ಜಾಸ್ತಿ. ಟರ್ಮಿನ ನಡುವೆ ಬರುವ ಹಾಫ್ ಟರ್ಮ್ ರಜೆಯ ಹಿಂದಿನ ದಿನ ನನ್ನ ಪ್ಲಾನ್ ಫೈಲ್ ತೆಗೆದುಕೊಂಡು ತಮ್ಮ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದರು. ‘ಸೋಮವಾರ ಇದರ ಸ್ಕ್ಯಾನ್ ಕಳಿಸ್ತೀನಿ. ಅಲ್ಲಿವರೆಗೂ ಮುಟ್ಟಬೇಡ’ ಅಂದರು. ಲ್ಯಾಪ್‌ಟಾಪ್‌ನಲ್ಲಿ ಎಲ್ಲದರ ಕಾಪಿ ಇರೋದು ಅವರಿಗೂ ಗೊತ್ತಿತ್ತು. ಆದರೂ ಆ ಬೀಗ ಕೆಲಸ ಮಾಡಿತು.

ಎರಡನೆಯದು ಮನೆ ಓನರ್ ಆಂಟಿಗೆ. ರೆಡಿಂಗ್‌ನಲ್ಲಿ ಬಾರ್ಬಡೋಸ್ ದ್ವೀಪದಿಂದ ಬಂದು ನೆಲೆಸಿದವರು ತುಂಬ ಜನ ಇದ್ದಾರೆ, ಇವರೂ ಅಲ್ಲಿಯವರೇ, ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಬಂದವರು. ನರ್ಸ್ ಆಗಿ ರಿಟೈರ್ ಆಗಿದ್ದಾರೆ. ಟಿಕೆಟ್ ದರ ನೋಡಿ ನಾನು ಹಿಂದೆ ಮುಂದೆ ನೋಡುತ್ತಿದ್ದಾಗ, ಸ್ಟೂಡೆಂಟ್ ರೈಲ್‌ಕಾರ್ಡ್ ಮಾಡಿಸಿದರೆ ಮೂರನೇ ಒಂದು ಭಾಗ ಕಡಿಮೆ ಆಗುತ್ತೆ ಅಂತ ಹೇಳಿ, ಪಕ್ಕದಲ್ಲೇ ಕೂತು ಅರ್ಜಿ ತುಂಬಿಸಿ, ದಪ್ಪ ಕೋಟು ಹಾಕಿಸಿ ಕಳಿಸಿದರು.

ಮೂರನೆಯವನು ಇಯರ್ 8ರ ಒಬ್ಬ ಹುಡುಗ. ಹೆಸರು ಹೇಳಲ್ಲ, ಅವನಿಗೇ ಗೊತ್ತಾಗುತ್ತೆ. ‘ಮಿಸ್, ಲಂಡನ್ ನೋಡಿಲ್ವಾ?’ ಅಂತ ಇಡೀ ಕ್ಲಾಸಿಗೆ ಕೇಳುವ ಹಾಗೆ ಕೇಳಿ, ತಪ್ಪು ತಿದ್ದಲು ಕೊಟ್ಟಿದ್ದ ನೇರಳೆ ಪೆನ್ನಿನಲ್ಲಿ ಒಂದು ಪಟ್ಟಿ ಬರೆದುಕೊಟ್ಟ. ಮೊದಲನೇ ಹೆಸರು ಲೆಸ್ಟರ್ ಸ್ಕ್ವೇರ್‌ನ ಎಂ ಅಂಡ್ ಎಂಸ್ ಚಾಕಲೇಟ್ ಅಂಗಡಿ. ಬಕಿಂಗ್‌ಹ್ಯಾಮ್ ಅರಮನೆ ಏಳನೆಯದು, ಪಕ್ಕದಲ್ಲಿ ‘ಬೋರಿಂಗ್’ ಅಂತ ಷರಾ. ಆ ಕ್ಲಾಸಿನಲ್ಲಿ ಒಬ್ಬರು ತಾವಾಗೇ ನನಗೆ ಏನನ್ನಾದರೂ ಬರೆದುಕೊಟ್ಟದ್ದು ಅದೇ ಮೊದಲು.

ಶನಿವಾರ ಪ್ಯಾಡಿಂಗ್ಟನ್‌ನಲ್ಲಿ ಇಳಿದು, ಮೆಟ್ರೋ ದುಡ್ಡು ಉಳಿಸೋಣ ಅಂತ ಹೈಡ್ ಪಾರ್ಕ್ ಮಧ್ಯೆ ನಡೆದುಕೊಂಡೇ ಸೌತ್ ಕೆನ್ಸಿಂಗ್ಟನ್‌ಗೆ ಹೋದೆ. ಅಲ್ಲಿ ಒಂದೇ ರಸ್ತೆಯಲ್ಲಿ ಸೈನ್ಸ್ ಮ್ಯೂಸಿಯಂ ಮತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಎರಡಕ್ಕೂ ಟಿಕೆಟ್ ಇಲ್ಲ. ಈ ವಿಷಯಕ್ಕೆ ಬ್ರಿಟಿಷ್ ತೆರಿಗೆದಾರರಿಗೂ ಒಂದು ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಅಲ್ಲಿರುವುದರಲ್ಲಿ ನಮ್ಮದೂ ಸಾಕಷ್ಟಿದೆ, ಹಾಗಾಗಿ ತೀರಾ ಬಗ್ಗಿ ಹೇಳಬೇಕಾಗಿಲ್ಲ.

ಟಿಪ್ಪುವಿನ ಹುಲಿ ಇರೋದು ಆ ಎರಡನೇ ಮ್ಯೂಸಿಯಮ್ಮಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತುಕೊಂಡು ಬಂದದ್ದು. ಫೋಟೋದಲ್ಲಿ ಆಟಿಕೆ ಅನ್ನಿಸುತ್ತೆ, ಎದುರಿಗೆ ನಿಂತರೆ ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ಇದೆ. ಬಿಳಿಯ ಸಿಪಾಯಿಯ ಎದೆ ಮೇಲೆ ಹತ್ತಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕೆಯಲ್ಲಿ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ, ಹುಲಿ ಗುರುಗುಟ್ಟಬೇಕು, ಸಿಪಾಯಿ ನರಳಬೇಕು, ಅವನ ಕೈ ಮೇಲೆ ಕೆಳಗೆ ಆಡಬೇಕು. ಒಂದೇ ಹಿಡಿಯಿಂದ ಇಷ್ಟೂ ಕೆಲಸ. ಈಗ ಗಾಜಿನೊಳಗೆ ಸುಮ್ಮನೆ ಇದೆ. ಹೈಸ್ಕೂಲ್ ಟ್ರಿಪ್ಪಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ನಮ್ಮ ಮೇಷ್ಟ್ರು ಇದರ ಕತೆಯನ್ನು ಕೈ ಆಡಿಸಿ, ನರಳಿ ತೋರಿಸಿ ಹೇಳಿದ್ದರು. ಸರ್, ನೀವು ಮಾಡಿ ತೋರಿಸಿದ್ದು ಗಾಜಿನೊಳಗಿನ ಹುಲಿಗಿಂತ ಚೆನ್ನಾಗಿತ್ತು. ನಿಮಗೂ ಥ್ಯಾಂಕ್ಸ್.

ಸೈನ್ಸ್ ಮ್ಯೂಸಿಯಮ್ಮಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಅಪೊಲೊ 10ರ ಕ್ಯಾಪ್ಸೂಲ್ ಎದುರು. 1969ರ ಮೇ ತಿಂಗಳಲ್ಲಿ ಮೂರು ಜನ ಇದರಲ್ಲಿ ಕೂತು ಚಂದ್ರನನ್ನು ಸುತ್ತಿ ಬಂದರು. ಇಳಿಯಲಿಲ್ಲ, ಇಳಿಯೋದಕ್ಕೆ ರಿಹರ್ಸಲ್ ಅದು. ವಾಪಸ್ ಬರುವಾಗ ವೇಗ ಗಂಟೆಗೆ ಸುಮಾರು 39,900 ಕಿ.ಮೀ. ಬಗ್ಗಿ ತಳಭಾಗ ನೋಡಿದೆ. ಸುಟ್ಟು ಕರಕಲಾದ ಮೈ, ಕಂದು, ಬೂದಿ, ಅಲ್ಲಲ್ಲಿ ಕಿತ್ತುಬಂದಂತೆ. ಆ ಪದರ ತಾನು ಸುಟ್ಟುಕೊಳ್ಳುತ್ತಾ ಹೋಗಲಿ ಅಂತಲೇ ಮಾಡಿದ್ದು, ಬಿಸಿಯನ್ನು ತನ್ನ ಜೊತೆ ಒಯ್ದುಬಿಡುತ್ತೆ, ಒಳಗಿನ ಮೂರು ಜನ ಬದುಕುತ್ತಾರೆ. ಇಯರ್ 8ಕ್ಕೆ ಶಕ್ತಿಯ ರೂಪಾಂತರ ಕಲಿಸಲು ನಾನು ಅಷ್ಟು ದಿನದಿಂದ ಜಾರುಬಂಡೆ, ಕೆಟಲ್ ಅಂತ ಒದ್ದಾಡುತ್ತಿದ್ದೆ. ಫೋನ್ ತೆಗೆದು ಆ ಸುಟ್ಟ ಮೈಯದೇ ಫೋಟೋ ತೆಗೆದೆ, ಹತ್ತಿರದಿಂದ, ಏನು ಅಂತ ಗೊತ್ತಾಗದಷ್ಟು ಹತ್ತಿರದಿಂದ.

ರಾತ್ರಿ ಉಳಿದದ್ದು ಹ್ಯಾರೋದಲ್ಲಿ. ನನ್ನ ಗೆಳತಿಯ ದೊಡ್ಡಮ್ಮನ ಮಗಳು ಅಕ್ಕ, ಭಾವ, ಆರು ವರ್ಷದ ಮಗ. ಚಿತ್ರದುರ್ಗದ ಕಡೆಯವರು. ಅದಕ್ಕೆ ಮುಂಚೆ ನಾನು ಅವರ ಮುಖ ನೋಡಿದವಳಲ್ಲ. ಬಾಗಿಲು ತೆಗೆದ ಅಕ್ಕ ‘ಬಾರಮ್ಮ, ಮೊದ್ಲು ಕಾಲು ಬೆಚ್ಚಗೆ ಮಾಡ್ಕೊ, ಆಮೇಲೆ ಮಾತು’ ಅಂದರು. ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಇಲ್ಲೆಲ್ಲಿ ಅವರೆಕಾಳು ಅಂದರೆ, ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ಪಾಪ್ಡಿ ಲಿಲ್ವಾ ಅಂತ ಪ್ಯಾಕೆಟ್ ಸಿಗುತ್ತೆ, ಅದೇ ನಮ್ಮ ಅವರೆ. ಸೊಗಡು ಇಲ್ಲ, ಆದರೆ ನೆನೆಸಿ ಹಿತುಕಿದರೆ ಸಾರಿಗೆ ಮೋಸ ಇಲ್ಲ. ಇಂಗ್ಲೆಂಡಿಗೆ ಬರುವವರು ಈ ಒಂದು ಸಾಲು ಬರೆದಿಟ್ಟುಕೊಳ್ಳಿ. ಆವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕನ ಜೊತೆ ಅವರೆ ಹಿತುಕುತ್ತಾ ಆ ಟರ್ಮಿನ ಕತೆಯನ್ನೆಲ್ಲ ಹೇಳಿಕೊಂಡೆ. ಅವರು ಸಮಾಧಾನ ಅಂತ ಏನೂ ಹೇಳಲಿಲ್ಲ. ಭಾವ ಮಾತ್ರ ಒಳಗಿನಿಂದ ‘ಆ ಹುಡುಗರ ಹೆಸರು ಕೊಡಮ್ಮ, ನಾನು ನೋಡ್ಕೋತೀನಿ’ ಅಂದರು.

ಆ ರಾತ್ರಿ ಗಡಿಯಾರ ಹಿಂದೆ ಹೋಗುವ ರಾತ್ರಿ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಇಲ್ಲಿ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಭಾರತಕ್ಕೂ ಇಲ್ಲಿಗೂ ನಾಲ್ಕೂವರೆ ಗಂಟೆ ಇದ್ದದ್ದು ಐದೂವರೆ ಆಗುತ್ತೆ. ಹೀಗಾಗಿ ಅಮ್ಮನ ಮಾಮೂಲಿ ಫೋನ್ ಎಲ್ಲರೂ ಮಲಗಿದ್ದಾಗ ಬಂತು, ಮನೆಯವರೆಲ್ಲ ಎದ್ದರು. ಆ ಮಗು ಕೂಡ.

ಬೆಳಗ್ಗೆ ಅಕ್ಕ ಮತ್ತು ಮಗು ನನ್ನ ಜೊತೆ ಹೊರಟರು, ಬಸವಣ್ಣನವರನ್ನು ನೋಡೋಕೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್ ದಂಡೆಯಲ್ಲೇ ನಡೆದರೆ ಮೊದಲು ಕೋವಿಡ್ ಗೋಡೆ ಸಿಗುತ್ತೆ. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಅಂತ ಬರೆದ ಗೋಡೆ, ಎರಡು ಲಕ್ಷಕ್ಕೂ ಮೇಲೆ. ಬಣ್ಣ ಮಾಸಿದಂತೆ ಸ್ವಯಂಸೇವಕರು ಮತ್ತೆ ಮತ್ತೆ ಬಳಿಯುತ್ತಾರೆ. ಓನರ್ ಆಂಟಿ ತಮ್ಮ ಜೊತೆ ಕೆಲಸ ಮಾಡಿದ ಒಬ್ಬ ನರ್ಸ್ ಹೆಸರು ಹೇಳಿ, ಕಂಡರೆ ನೋಡು ಅಂದಿದ್ದರು. ಹುಡುಕಿದೆವು, ಸಿಗಲಿಲ್ಲ. ಅಲ್ಲಿಂದ ಇನ್ನೂ ಮುಂದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದಕ್ಕಾಗಿ ಓಡಾಡಿದವರು ಲಂಡನ್ನಿನ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್. ಅಕ್ಕ ಬ್ಯಾಗಿನಿಂದ ಸೇವಂತಿಗೆ ತೆಗೆದು ಇಟ್ಟರು. ಮಗು ‘ಇವರು ರಾಜಾನಾ?’ ಅಂತ ಕೇಳಿತು. ‘ಅಲ್ಲಪ್ಪ, ರಾಜನ ಖಜಾನೆ ಲೆಕ್ಕ ನೋಡ್ಕೊತಿದ್ರು’ ಅಂದರು ಅಕ್ಕ. ‘ಡ್ಯಾಡಿ ಥರ?’ ಭಾವ ಅಕೌಂಟೆಂಟ್. ಅಕ್ಕ ಒಂದು ಕ್ಷಣ ಯೋಚಿಸಿ, ‘ಸ್ವಲ್ಪ ಜಾಸ್ತಿ’ ಅಂದರು.

ಅಲ್ಲಿಂದ ನಾನೊಬ್ಬಳೇ ಗ್ರೀನಿಚ್‌ಗೆ. ಐಲ್ಯಾಂಡ್ ಗಾರ್ಡನ್ಸ್‌ವರೆಗೆ ರೈಲು, ಆಮೇಲೆ 1902ರಲ್ಲಿ ಕಟ್ಟಿದ, ನದಿಯ ಅಡಿಯಲ್ಲೇ ನಡೆದು ಹೋಗುವ ಸುರಂಗ. ಅಲ್ಲಿನ ಖಗೋಳ ವೀಕ್ಷಣಾಲಯದ ಒಳಗೆ ಟಿಕೆಟ್ ಇದೆ, ನಾನು ಹೋಗಲಿಲ್ಲ. ಗೇಟಿನ ಹೊರಗಡೆಯೇ ನೋಡುವಂಥದ್ದು ಬೇಕಾದಷ್ಟಿದೆ. ಗೋಡೆಯಲ್ಲಿ ಅಡಿ, ಗಜದ ಅಳತೆಗಳನ್ನು ಲೋಹದಲ್ಲಿ ಕೂರಿಸಿದ್ದಾರೆ, ಯಾರು ಬೇಕಾದರೂ ತಮ್ಮ ಅಳತೆಕೋಲು ತಂದು ತಾಳೆ ನೋಡಲಿ ಅಂತ. ಪಕ್ಕದಲ್ಲಿ 1852ರ ಶೆಫರ್ಡ್ ಗಡಿಯಾರ. ಆಗ ಒಳಗಿನ ತಾಯಿ ಗಡಿಯಾರ ವಿದ್ಯುತ್ ಮಿಡಿತ ಕಳಿಸುತ್ತಿತ್ತು, ಇದರ ಮುಳ್ಳು ಅದರಂತೆ ನಡೆಯುತ್ತಿತ್ತು. ಬೇಸಿಗೆ ಇರಲಿ ಚಳಿಗಾಲ ಇರಲಿ ಇದು ತೋರಿಸೋದು ಗ್ರೀನಿಚ್ ಸಮಯವನ್ನೇ. ಅಂದರೆ ಮಾರ್ಚ್ ಕೊನೆಯಿಂದ ಊರೆಲ್ಲ ಒಂದು ಗಂಟೆ ಮುಂದೆ ಓಡುತ್ತಿತ್ತು, ಆ ಬೆಳಗ್ಗೆ ವಾಪಸ್ ಬಂದು ಇದರ ಜೊತೆ ಸೇರಿತ್ತು.

ನಾನು ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ಕಾರಣ ಅಲ್ಲಿ ಕಂಡ ಒಬ್ಬ ತಾತ. ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮಧ್ಯಾಹ್ನ ಹನ್ನೆರಡೂ ಮುಕ್ಕಾಲು ಇರಬೇಕು, ಗಡಿಯಾರದ ಚಿಕ್ಕ ಮುಳ್ಳು ಕೆಳಗಡೆ ಇತ್ತು. ‘ಯಾಕೆ ಮೇಲಿಲ್ಲ?’ ಅಂತ ಕೇಳಿದರು. ಕೇಳಿ ಸುಮ್ಮನಾದರು. ಹುಡುಗಿ ನೋಡುತ್ತಾ ನಿಂತಳು. ಅವರು ಬಾಯಿ ಬಿಡಲಿಲ್ಲ. ನನಗೇ ತಡೆಯಲಾಗದೆ ಉತ್ತರ ಗಂಟಲಿಗೆ ಬಂದಿತ್ತು. ಅವರು ಜೇಬಿಗೆ ಕೈ ಹಾಕಿಕೊಂಡು ಮರ ನೋಡುತ್ತಾ ನಿಂತರು, ಎಷ್ಟು ಹೊತ್ತು ಅಂತೀರಿ! ಆಮೇಲೆ ಹುಡುಗಿ ಮೆಲ್ಲಗೆ ಅಂಕಿ ಎಣಿಸಿ, ‘ಇದರಲ್ಲಿ ಇಪ್ಪತ್ನಾಲ್ಕಿದೆ!’ ಅಂತ ಕೂಗಿದಳು. ಹೌದು, ಅದು ಇಪ್ಪತ್ನಾಲ್ಕು ಗಂಟೆಯ ಮುಖ, ಸೊನ್ನೆ ಮೇಲಿದೆ, ಹನ್ನೆರಡು ಕೆಳಗೆ. ಮೆಂಟರ್ ನನ್ನ ಫಾರಮ್ಮುಗಳಲ್ಲಿ ‘ಪ್ರಶ್ನೆ ಕೇಳಿದ ಮೇಲೆ ಕಾಯಿರಿ’ ಅಂತ ಬರೆಯುತ್ತಲೇ ಇದ್ದರು, ನಾನು ಮೂರು ಸೆಕೆಂಡ್ ಕಾಯುವುದನ್ನೇ ಕಾಯೋದು ಅಂದುಕೊಂಡಿದ್ದೆ. ತಾತ, ನೀವು ಯಾರೋ ಏನೋ, ಕನ್ನಡ ಓದೋದಿಲ್ಲ ಅನ್ನೋದೂ ಗೊತ್ತು. ಥ್ಯಾಂಕ್ಸ್.

ಹನ್ನೆರಡು ಐವತ್ತೈದಕ್ಕೆ ಚಾವಣಿ ಮೇಲಿನ ಕೆಂಪು ಚೆಂಡು ಅರ್ಧ ಕಂಬ ಏರಿತು, ಐವತ್ತೆಂಟಕ್ಕೆ ತುದಿಗೆ, ಸರಿಯಾಗಿ ಒಂದಕ್ಕೆ ಬಿತ್ತು. 1833ರಿಂದ ಇದೇ ಕೆಲಸ. ಥೇಮ್ಸ್‌ನಲ್ಲಿ ನಿಂತ ಹಡಗುಗಳು ಇದನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದವು. ಸಂಜೆ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ದೀಪಾವಳಿ ಜಾತ್ರೆ, ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. ಐದು ಗಂಟೆಗೇ ಕತ್ತಲು, ಕೋಟಿನ ಕೆಳಗೆ ರೇಷ್ಮೆ ಸೀರೆ, ಸಮೋಸಕ್ಕೆ ಕಿಲೋಮೀಟರ್ ಕ್ಯೂ. ಹತ್ತಿರದಲ್ಲೇ ಇತ್ತು ಅಂತ ಆ ಚಾಕಲೇಟ್ ಅಂಗಡಿಗೂ ಹೋಗಿ ಬಂದೆ. ಹುಡುಗ ಹೇಳಿದ್ದು ಸರಿ, ಚೆನ್ನಾಗಿದೆ, ಆದರೆ ಬೆಲೆ ಕೇಳಬೇಡಿ.

ರಜೆ ಮುಗಿದು ಬಂದ ಶುಕ್ರವಾರ, ಕೊನೆ ಪೀರಿಯಡ್, ಆ ಸುಟ್ಟ ಫೋಟೋ ಬೋರ್ಡ್ ಮೇಲೆ ಹಾಕಿ ‘ಇದು ಏನು?’ ಅಂತ ಕೇಳಿ ಕಿಟಕಿ ಕಡೆ ತಿರುಗಿ ನಿಂತೆ. ‘ಪಿಜ್ಜಾ’ ಅಂತ ಬಂತು. ‘ಚಂದ್ರ’. ‘ನಮ್ಮಜ್ಜನ ಬಾರ್ಬೆಕ್ಯೂ’. ನಾನು ಕಾದೆ. ಹಿಂದಿನ ಬೆಂಚಿನಿಂದ ಒಬ್ಬಳು, ಅಲ್ಲಿವರೆಗೂ ಕೈ ಎತ್ತಿರದವಳು, ‘ಏನೋ ತುಂಬ ಜೋರಾಗಿ ಬಂದು ಉಜ್ಜಿದೆ’ ಅಂದಳು. ಮೆಂಟರ್ ಫಾರಂ ಮೇಲೆ ಏನೋ ಬರೆದುಕೊಂಡರು. ಆ ಕ್ಲಾಸು ಆಮೇಲೂ ಕೆಲವು ಶುಕ್ರವಾರ ನನ್ನನ್ನು ಅಳಿಸಿತು, ಅದು ಬೇರೆ ವಿಷಯ.

ಅಕ್ಕ, ನೀವು ಆವತ್ತು ಚಿತ್ರಾನ್ನ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಹೇಳಿದ್ದಕ್ಕೆ ಇಟ್ಟುಕೊಂಡಿದ್ದೇನೆ. ಆಗಸ್ಟಿನಲ್ಲಿ ಊರಿಗೆ ಹೋಗಿ ಬರುವಾಗ ತಿಪಟೂರು ಕೊಬ್ಬರಿ ತುಂಬಿಸಿ ತರೋಣ ಅಂತಿದ್ದೆ. ಆದರೆ ಒಣಕೊಬ್ಬರಿಯನ್ನು ವಿಮಾನಕ್ಕೆ ಬಿಡೋದಿಲ್ಲ, ಎಣ್ಣೆ ಅಂಶ ಜಾಸ್ತಿ, ತಾನಾಗೇ ಬಿಸಿಯೇರಿ ಹತ್ತಿಕೊಳ್ಳಬಹುದು ಅಂತ. ಅದೂ ಫಿಸಿಕ್ಸೇ. ಹಾಗಾಗಿ ಕೊಬ್ಬರಿ ಮಿಠಾಯಿ ಮಾಡಿಸುತ್ತೇನೆ, ಭಾವನಿಗೆ ಸಕ್ಕರೆ ಕಡಿಮೆ ಹಾಕಿಸಿ.