ಸೂಪರ್‌ಚಾರ್ಜರ್ ಲೇಖನದಲ್ಲಿ ಬಿಸಿಯ ಮಾತೇ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು) ಕೂರಿಸುವ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಒಂದು ರಜಾದಿನ, ಒಂದು ಸೆಟ್ ಸ್ಪ್ಯಾನರ್ ಇದ್ದರೆ ಸಾಕು, ಎಂಜಿನ್ ಬಿಚ್ಚಬೇಕಿಲ್ಲ, 6 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡಕ್ಕೆ ಯಾವ ಎಂಜಿನ್ನೂ ಜಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಇದೇ ಮಾತನ್ನು ನಂಬಿ ಮೂರು ವರ್ಷದ ಹಿಂದೆ ನಾನು ಮತ್ತು ನನ್ನ ತಮ್ಮ ಒಂದು ಒಳ್ಳೆಯ ಎಂಜಿನ್ ಕಳೆದುಕೊಂಡೆವು. ಲೇಖನ ಓದಿ ಯಾರಾದರೂ ಕಿಟ್ ತರಿಸಲು ಹೊರಟಿದ್ದರೆ ಅದಕ್ಕೆ ಮೊದಲು ಈ ಪತ್ರ ಅವರ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿದ್ದೇನೆ.

ನಾನು ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ತಮ್ಮನದು ಲೇತ್ ಕೆಲಸ. ಕಾರು ಇಬ್ಬರದ್ದೂ: 1990ರ ಮಾಜ್ದಾ ಎಂಎಕ್ಸ್-5, 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬುದು, 9.4. ಒಂದು ಟನ್ನೂ ತೂಗದ ಈ ಪುಟ್ಟ ಕಾರು ತಿರುವಿನಲ್ಲಿ ನಮ್ಮ ಮನಸ್ಸನ್ನು ಓದಿದಂತೆ ಹೊರಳುತ್ತದೆ. ಉದ್ದದ ಏರು ಬಂದಾಗ ಮಾತ್ರ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ. ಟರ್ಬೊ ಹಾಕಬಹುದಿತ್ತು. ಆದರೆ ಟರ್ಬೊ ತಿರುಗುವುದು ಹೊಗೆಯ ರಭಸಕ್ಕೆ, ಹಾಗಾಗಿ ಕಾಲು ಒತ್ತಿದ ಮೇಲೆ ಒಂದು ಕ್ಷಣ ಕಾಯಬೇಕು. ಸೂಪರ್‌ಚಾರ್ಜರ್ ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡಕ್ಕೆ) ಬೆಲ್ಟ್ ಕಟ್ಟಿಕೊಂಡೇ ತಿರುಗುವುದರಿಂದ ಕಾಲು ಒತ್ತಿದ ಕೂಡಲೇ ಎಳೆತ ಸಿಗುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನ ಸ್ವಭಾವಕ್ಕೆ ಇದೇ ಒಪ್ಪುವಂಥದ್ದು ಎಂದು ನಾನು ಈಗಲೂ ನಂಬುತ್ತೇನೆ. ನನ್ನ ತಕರಾರು ಸೂಪರ್‌ಚಾರ್ಜರಿನ ಮೇಲಲ್ಲ.

ಅದು ಹೇಗೆ ಒತ್ತಡ ಹುಟ್ಟಿಸುತ್ತದೆ ಎನ್ನುವುದನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಲೆಕ್ಕ ಕಷ್ಟದ್ದಲ್ಲ. 1.6 ಲೀಟರಿನ ಫೋರ್-ಸ್ಟ್ರೋಕ್ ಎಂಜಿನ್, ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗ ಹೆಚ್ಚೆಂದರೆ 800 ಸಿಸಿ ಗಾಳಿ ಕುಡಿಯುತ್ತದೆ. ನಾವು ಹಾಕಿದ್ದು ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್, ಅದನ್ನೇ ಬ್ಲೋವರ್ ಎನ್ನುತ್ತಾರೆ. ಸುತ್ತಿಗೆ 45 ಘನ ಅಂಗುಲ, ಅಂದರೆ ಸುಮಾರು 737 ಸಿಸಿ ಗಾಳಿ ತಳ್ಳುವಂಥದ್ದು. ಕ್ರ್ಯಾಂಕಿನ ಪುಲಿಗಿಂತ ಬ್ಲೋವರಿನ ಪುಲಿ ಚಿಕ್ಕದು, ಹಾಗಾಗಿ ಕ್ರ್ಯಾಂಕಿನ ಒಂದು ಸುತ್ತಿಗೆ ಬ್ಲೋವರ್ ಒಂದೂವರೆ ಸುತ್ತು ತಿರುಗಿ ಸಾವಿರದ ನೂರು ಸಿಸಿಯಷ್ಟನ್ನು ತಳ್ಳುತ್ತದೆ. ಕುಡಿಯಲಾಗದೆ ಉಳಿದ ಗಾಳಿ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ಅದೇ ಬೂಸ್ಟ್. ಪುಲಿ ಇನ್ನೂ ಚಿಕ್ಕದು ಮಾಡಿದರೆ ಒತ್ತಡ ಇನ್ನೂ ಹೆಚ್ಚು. ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದಾಗ ಇದು ಕುಲುಮೆಗೂ ಗಣಿಗೂ ಗಾಳಿ ಊದುವ ಯಂತ್ರವಾಗಿತ್ತು. ಗಾಳಿಯನ್ನು ಇಲ್ಲಿಂದೆತ್ತಿ ಅಲ್ಲಿಗೆ ಹಾಕುವುದಷ್ಟೇ ಅದರ ಕೆಲಸ, ತನ್ನೊಳಗೆ ಹಿಂಡುವುದಿಲ್ಲ. ಹಿಂಡಾಟ ನಡೆಯುವುದು ಹೊರಬಾಯಲ್ಲಿ, ಮ್ಯಾನಿಫೋಲ್ಡಿನ ಗಾಳಿ ಹಿಂದಕ್ಕೆ ನುಗ್ಗಿ ಹೊಸ ಗಾಳಿಗೆ ಡಿಕ್ಕಿ ಹೊಡೆದಾಗ. ಆದ್ದರಿಂದಲೇ ಈ ಮಾದರಿ ಗಾಳಿಯನ್ನು ಹೆಚ್ಚು ಕಾಯಿಸುತ್ತದೆ.

ಲೇಖನ ಬಿಟ್ಟದ್ದು ಈ ಬಿಸಿಯನ್ನೇ. ಸೈಕಲ್ ಪಂಪ್ ಹೊಡೆದು ಅದರ ಬುಡ ಮುಟ್ಟಿ ನೋಡಿ ಎಂದು ನಾನು ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ. ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ. ಅದರ ಮೇಲೆ 6 ಸೇರಿಸಿದರೆ ಶೇಕಡ 41 ಹೆಚ್ಚಾಯಿತು, ಸರಿ. ಆದರೆ 30 ಡಿಗ್ರಿಯಲ್ಲಿ ಒಳಹೋದ ಗಾಳಿ ಇಂಥ ಬ್ಲೋವರಿನಿಂದ ಹೊರಬರುವಾಗ 85 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಬ್ಲೋವರಿನ ಬಾಯಲ್ಲಿ ಅದರ ಸಾಂದ್ರತೆ ಹೆಚ್ಚುವುದು ಸುಮಾರು ಶೇಕಡ 20 ಮಾತ್ರ. "ಒತ್ತಡ ಎಷ್ಟೋ ಶಕ್ತಿ ಅಷ್ಟು" ಎಂಬ ನಿಮ್ಮ ಲೇಖಕರ ಸೂತ್ರ ಅಲ್ಲೇ ಬಿದ್ದುಹೋಗುತ್ತದೆ. ಶಕ್ತಿ ಕಡಿಮೆಯಾದರೆ ಯಾರೂ ಸಾಯುವುದಿಲ್ಲ. ಎಂಜಿನ್ನನ್ನು ಕೊಲ್ಲುವುದು ಆ 85 ಡಿಗ್ರಿ. ಪಿಸ್ಟನ್ ಅದೇ ಗಾಳಿಯನ್ನು ಇನ್ನೊಮ್ಮೆ, ಒಂಬತ್ತು ಪಟ್ಟಿಗೂ ಮೀರಿ ಹಿಂಡುತ್ತದೆ. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಮೂಲೆ ತಲುಪುವ ಮುನ್ನವೇ ಅಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎನ್ನುವುದು ಇದಕ್ಕೇ.

ನಮಗೆ ಆದದ್ದು ಹೀಗೆ. ಬ್ಲೋವರ್ ಕೂರಿಸುವುದಕ್ಕೆ ವರ್ಷದ ಹಿಂದೆ, ಪಿಕಪ್ ಚೆನ್ನಾಗಿರಲಿ ಎಂದು ತಮ್ಮ ಇಗ್ನಿಷನ್ ಟೈಮಿಂಗನ್ನು (ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಮೊದಲು ಸ್ಪಾರ್ಕ್ ಹೊತ್ತಬೇಕು ಎಂಬುದು, ಕ್ರ್ಯಾಂಕಿನ ಡಿಗ್ರಿಯಲ್ಲಿ) ಕಂಪನಿ ಹೇಳಿದ 10 ಡಿಗ್ರಿಯಿಂದ 14ಕ್ಕೆ ತಂದಿದ್ದ. ಮಾಮೂಲಿ ಎಂಜಿನ್ನಿನಲ್ಲಿ ಅದರಿಂದ ಏನೂ ತೊಂದರೆ ಆಗಿರಲಿಲ್ಲ. ಸ್ಪಾರ್ಕ್ ಬೇಗ ಹೊತ್ತಿದಷ್ಟೂ ನಾಕಿಂಗ್ ಹತ್ತಿರವಾಗುವುದರಿಂದ ಬ್ಲೋವರ್ ಹಾಕಿದಾಗ ಅದನ್ನು ಹಿಂದಕ್ಕೆ ತರಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ, ಕಿಟ್ ಜೊತೆ ಬಂದ ಹಾಳೆಯಲ್ಲೂ ಇರಲಿಲ್ಲ. ಇಂಧನಕ್ಕೆ ಕಿಟ್ಟಿನಲ್ಲಿದ್ದದ್ದು ಬೂಸ್ಟ್ ಏರಿದಂತೆ ಪೆಟ್ರೋಲಿನ ಒತ್ತಡ ಏರಿಸುವ ಒಂದು ರೆಗ್ಯುಲೇಟರ್. ಈ ಕಾರಿನ ಎಂಜಿನ್ನಿಗೆ ನಾಕ್ ಸೆನ್ಸರ್ ಇಲ್ಲ, ಆದ್ದರಿಂದ ಅಪಾಯ ಬಂದರೆ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಮೂರು ವಾರ ಬೆಳಗಿನ ತಂಪಿನಲ್ಲಿ ಓಡಿಸಿದೆವು. ಅಷ್ಟು ಸಂತೋಷವಾಗಿ ನಾನು ಯಾವ ಕಾರನ್ನೂ ಓಡಿಸಿರಲಿಲ್ಲ. ನಾಲ್ಕನೇ ವಾರ ಮಧ್ಯಾಹ್ನದ ಉರಿಬಿಸಿಲಿನಲ್ಲಿ, ನಾಲ್ಕನೇ ಗೇರಿನಲ್ಲಿ ಉದ್ದದ ಏರು ಹತ್ತುವಾಗ ತಗಡಿನ ಡಬ್ಬಿಯಲ್ಲಿ ಕಲ್ಲು ಅಲುಗಾಡಿಸಿದಂಥ ಸದ್ದು ಕೇಳಿತು. "ಅಕ್ಕಾ, ಕಾಲು ತೆಗಿ" ಎಂದು ತಮ್ಮ ಕೂಗಿದ. ತೆಗೆದೆ. ಅಷ್ಟರಲ್ಲಿ ಕನ್ನಡಿಯಲ್ಲಿ ನೀಲಿ ಹೊಗೆ ಕಾಣುತ್ತಿತ್ತು.

ಕಂಪ್ರೆಷನ್ ಗೇಜ್ ಇಟ್ಟಾಗ ನಾಲ್ಕರಲ್ಲಿ ಮೂರು ಸಿಲಿಂಡರುಗಳಲ್ಲಿ 170 ಪಿಎಸ್‌ಐ ಮೇಲಿತ್ತು, ಮೂರನೇ ನಂಬರಿನದರಲ್ಲಿ ಮಾತ್ರ 60. ಬಿಚ್ಚಿದರೆ ಆ ಪಿಸ್ಟನ್ನಿನ ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಏಣು ಮುರಿದಿತ್ತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಅಲ್ಯೂಮಿನಿಯಂ ಕಣಗಳು. ಆ ಚೂರನ್ನು ತಮ್ಮ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಮೂವತ್ತು ವರ್ಷ ತಪ್ಪದೆ ಓಡಿದ್ದ ಎಂಜಿನ್ ನಾವು ಬ್ಲೋವರ್ ಹಾಕಿದ ಮೇಲೆ ಒಂದು ತಿಂಗಳೂ ಬಾಳಲಿಲ್ಲ.

ಕಾರು ತಯಾರಿಸುವವರೇ ಸೂಪರ್‌ಚಾರ್ಜರ್ ಹಾಕುವಾಗ ಏನು ಮಾಡಿದರು ಎಂದು ಆಮೇಲೆ ಹುಡುಕಿ ಓದಿದೆ. 1986ರಲ್ಲಿ ಟೊಯೊಟಾ ಎಂಆರ್2 ಕಾರಿಗೆ ರೂಟ್ಸ್ ಬ್ಲೋವರ್ ಕೊಟ್ಟಿತು. ನಮ್ಮದರಂತೆಯೇ 1.6 ಲೀಟರ್. ಮಾಮೂಲಿ ಎಂಜಿನ್ನಿನಲ್ಲಿ 9.4ರಷ್ಟಿದ್ದ ಕಂಪ್ರೆಷನ್ ಅನುಪಾತವನ್ನು ಅವರು 8ಕ್ಕೆ ಇಳಿಸಿದರು, ಫೋರ್ಜ್ ಮಾಡಿದ, ಅಂದರೆ ಬಡಿದು ಗಟ್ಟಿ ಮಾಡಿದ ಪಿಸ್ಟನ್ ಹಾಕಿದರು, ಮೇಲೊಂದು ಗಾಳಿ ತಣಿಸುವ ಇಂಟರ್‌ಕೂಲರ್ ಕೂರಿಸಿದರು. ಕಾರ್ಖಾನೆಯೇ ಇಷ್ಟೆಲ್ಲ ಮಾಡಿದ ಮೇಲೆ, ಸವೆದ ಎಂಜಿನ್ನಿಗೆ ಏನೂ ಬೇಡ ಎಂದು ಬರೆಯುವುದು ಹೇಗೆ ಸರಿ? ಲೇಖನದ ಜೊತೆ ಅಚ್ಚಾದ ಬ್ಲೋವರ್ ಬೆಂಟ್ಲಿ ಎಂಬ ಹಳೆಯ ರೇಸ್ ಕಾರಿನ ಚಿತ್ರದ ಬಗ್ಗೆಯೂ ಒಂದು ಮಾತು. ಆ ಕಾರಿಗೆ ಸೂಪರ್‌ಚಾರ್ಜರ್ ಬೇಡವೆಂದವರು ಕಂಪನಿ ಕಟ್ಟಿದ ಡಬ್ಲ್ಯು.ಒ. ಬೆಂಟ್ಲಿ ಅವರೇ. ಪಟ್ಟುಹಿಡಿದು ಹಾಕಿಸಿದ್ದು ರೇಸ್ ಚಾಲಕ ಟಿಮ್ ಬರ್ಕಿನ್. ವೇಗಕ್ಕೇನೂ ಕೊರತೆ ಇರಲಿಲ್ಲ, 1930ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ ಎರಡನೆಯವರಾಗಿ ಬಂದರು. ಅದೇ ವರ್ಷದ 24 ಗಂಟೆಯ ಲೆ ಮಾನ್ ಓಟದಲ್ಲಿ ಮಾತ್ರ ಬ್ಲೋವರ್ ಕಾರುಗಳು ಕೊನೆ ಮುಟ್ಟಲಿಲ್ಲ. ಗೆದ್ದದ್ದು ಬ್ಲೋವರ್ ಇಲ್ಲದ, ದೊಡ್ಡ ಎಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್.

ನಾವು ಕೈಬಿಡಲಿಲ್ಲ. ಹದಿನಾಲ್ಕು ತಿಂಗಳು ತೆಗೆದುಕೊಂಡು ಮತ್ತೆ ಕಟ್ಟಿದೆವು. ಬೋರು ಹೋನ್ ಮಾಡಿಸಿ ಫೋರ್ಜ್ ಪಿಸ್ಟನ್ ಹಾಕಿದೆವು. ರೇಡಿಯೇಟರ್, ನೀರಿನ ಹೋಸುಗಳು, ಕ್ಲಚ್ ಎಲ್ಲ ಹೊಸದು. ಬೆಲ್ಟಿನ ಹೊರೆ ಹೊರುವುದು ಕ್ರ್ಯಾಂಕಿನ ಮೂತಿ, ಆದ್ದರಿಂದ ಅದರ ಬೋಲ್ಟನ್ನೂ ಕೀಯನ್ನೂ ತಮ್ಮ ತಾನೇ ನೋಡಿ ಟಾರ್ಕ್ ವ್ರೆಂಚಿನಲ್ಲಿ ಬಿಗಿದ. ಬ್ಲೋವರಿಗೂ ಎಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಬಂತು. ಹೆಚ್ಚು ಗಾಳಿ ಬಂದಾಗ ಅಳತೆ ಮುಗಿದುಹೋಗುವ ಹಳೆಯ ಕದದ ಏರ್‌ಫ್ಲೋ ಮೀಟರ್ ತೆಗೆದು ಒತ್ತಡ ನೋಡುವ ಸೆನ್ಸರ್, ದೊಡ್ಡ ಇಂಜೆಕ್ಟರ್, ನಾವೇ ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕಿದೆವು. ಪ್ಲಗ್ಗುಗಳು ಒಂದು ಹಂತ ತಂಪಿನವು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥವು), ಗ್ಯಾಪ್ 1.1 ಮಿಲಿಮೀಟರಿನಿಂದ 0.8ಕ್ಕೆ ಇಳಿಯಿತು. ಬೂಸ್ಟಿನಲ್ಲಿ ಪ್ರತಿ ಪಿಎಸ್‌ಐಗೆ ಸುಮಾರು ಒಂದು ಡಿಗ್ರಿ ಟೈಮಿಂಗ್ ಹಿಂದಕ್ಕೆ ಎಂಬುದು ಕೆಲಸ ಬಲ್ಲವರ ಆರಂಭದ ಲೆಕ್ಕ. ಅಲ್ಲಿಂದ ಶುರುಮಾಡಿ ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಎರಡು ದಿನ ಕೂತು ತಿದ್ದಿಸಿದೆವು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಹೊಗೆ ನೋಡಿ ಪೆಟ್ರೋಲು-ಗಾಳಿಯ ಪ್ರಮಾಣ ಹೇಳುವಂಥದ್ದು. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎನ್ನುವುದು ನಿಧಾನವಾಗಿ ಓಡಿಸುವಾಗ ಸರಿ. ಬೂಸ್ಟಿನಲ್ಲಿ 12ಕ್ಕಿಂತ ಕೆಳಗೆ ಬರಬೇಕು, ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರುತ್ತದೆ. ಕಾರಿನ ಜೊತೆ ಬಂದ ಸೆನ್ಸರ್ 14.7ರ ಆಚೆ ಈಚೆ ಎಂದಷ್ಟೇ ಹೇಳಬಲ್ಲದು, ಎಷ್ಟು ಎಂದು ಹೇಳುವುದಿಲ್ಲ. ಈಗ ಅದೇ ಏರಿನಲ್ಲಿ, ಅಷ್ಟೇ ಬಿಸಿಲಿನಲ್ಲಿ ಮ್ಯಾನಿಫೋಲ್ಡಿನ ಗಾಳಿ 50 ಡಿಗ್ರಿ ದಾಟುವುದಿಲ್ಲ. ಬೂಸ್ಟ್ ಮೊದಲಿನಷ್ಟೇ, 6 ಪಿಎಸ್‌ಐ. ಎರಡು ವರ್ಷವಾಗುತ್ತ ಬಂತು, ಆ ಕಲ್ಲಿನ ಸದ್ದು ಮತ್ತೆ ಕೇಳಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಆ ಲೇಖನಕ್ಕೆ ಎರಡನೇ ಭಾಗ ಬರೆಸಿ, ಅದರಲ್ಲಿ ಬಿಸಿ, ಟೈಮಿಂಗ್, ಮಿಶ್ರಣದ ಬಗ್ಗೆ ಬಿಡಿಸಿ ಹೇಳಲಿ. ಮತ್ತೆ, ಕಿಟ್ ಕೊಳ್ಳುವ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ, ಒಂದಕ್ಕೊಂದು ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮುಂದುವರಿಯಬೇಡಿ ಎಂಬ ಮಾತನ್ನು ಮೊದಲ ಪ್ಯಾರಾದಲ್ಲೇ ಹಾಕಿಸಿ. ಅದು ಅರ್ಧ ಗಂಟೆಯ ಕೆಲಸ, ನಾವು ಅದನ್ನೂ ಮಾಡಿರಲಿಲ್ಲ.

ಮುರಿದ ಪಿಸ್ಟನ್ನಿನ ಚಿತ್ರವನ್ನು ಇದರೊಂದಿಗೆ ಕಳಿಸಿದ್ದೇನೆ. ಏಣು ಹಾರಿಹೋದ ಜಾಗಕ್ಕೆ ತಮ್ಮ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದಾನೆ. ಲೇಖನದ ಜೊತೆ ಅದನ್ನೇ ಅಚ್ಚುಹಾಕಬಹುದು.

ಇತಿ ನಿಮ್ಮ ಓದುಗಳು,
ನಿವೃತ್ತ ಭೌತಶಾಸ್ತ್ರ ಶಿಕ್ಷಕಿ