ನಮ್ಮ ಶನಿವಾರದ ಪ್ರವಾಸದಿಂದ ಮೈಸೂರನ್ನು ಕೈಬಿಟ್ಟಿದ್ದೇವೆ

ನಮ್ಮ ಗ್ರಾಹಕರಿಗೆ ನಮಸ್ಕಾರ,

ಜುಲೈ ಮೊದಲ ಶನಿವಾರದಿಂದ ನಮ್ಮ ಗಾಡಿ ಶ್ರೀರಂಗಪಟ್ಟಣಕ್ಕೆ ಮಾತ್ರ ಹೋಗುತ್ತದೆ. ಮೈಸೂರು ಅರಮನೆ, ಚಾಮುಂಡಿ ಬೆಟ್ಟ ಎರಡೂ ಇರುವುದಿಲ್ಲ. ಬೆಂಗಳೂರಿನಿಂದ ಬೆಳಿಗ್ಗೆ 6ಕ್ಕೆ ಹೊರಟು ರಾತ್ರಿ 8ರೊಳಗೆ ವಾಪಸ್, ಅದು ಹಾಗೇ ಇದೆ. ದರ ತಲೆಗೆ 1,800 ರೂಪಾಯಿ ಇದ್ದದ್ದು 1,500 ಆಗಿದೆ.

ಜಾಗ ಕಮ್ಮಿ ಮಾಡಿ ದಿನ ಪೂರ್ತಿ ಏನು ತೋರಿಸ್ತೀರಿ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ.

ಹೋದ ಸಲ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ, ನಾವು ಕೊಟ್ಟದ್ದು 20 ನಿಮಿಷ. ಅಜ್ಜಿಯೊಬ್ಬರು ಪಶ್ಚಿಮದ ಗೋಡೆಯ ಮುಂದೆ ನಿಂತೇ ಇದ್ದರು. ಹೊರಗೆ ನಮ್ಮ ಡ್ರೈವರ್ ಹಾರ್ನ್ ಹೊಡೆದ. "ಇಷ್ಟು ದೂರ ಕರ್ಕೊಂಡು ಬಂದು ಹಾರ್ನ್ ಹೊಡೀತೀರಲ್ಲಪ್ಪಾ" ಎಂದರು. ತಪ್ಪು ಡ್ರೈವರ್‌ದಲ್ಲ, ನಮ್ಮ ಪಟ್ಟಿಯದು.

ಆ ಗೋಡೆಯ ಮೇಲಿರುವುದು 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್, ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ್ದು. ಸುಮ್ನೆ ನೋಡಿದರೆ ಕುದುರೆಗಳ ಸಾಲು, ಅಷ್ಟೇ. ಸ್ವಲ್ಪ ಹೊತ್ತು ನಿಂತರೆ ನಡುವೆ ಮದ್ದಿನ ಗಾಡಿ ಸಿಡಿಯುವುದು ಕಾಣುತ್ತದೆ. ಪಕ್ಕದಲ್ಲೇ ಪಲ್ಲಕ್ಕಿಯಲ್ಲಿ ಗಾಯಗೊಂಡ ಕಂಪನಿ ಸೇನಾಧಿಕಾರಿ ಕರ್ನಲ್ ಬೈಲಿ, ಬೆರಳು ಕಚ್ಚುತ್ತಾ ಕೂತಿದ್ದಾನೆ. ಅವನು ಸೆರೆ ಸಿಕ್ಕಿ 1782ರಲ್ಲಿ ಇದೇ ಊರಲ್ಲಿ ಸತ್ತ. ಕೋಟೆಯೊಳಗೆ ಅವನ ಹೆಸರಿನ ನೆಲಮಾಳಿಗೆ ಸೆರೆಮನೆ ಇದೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತು, ಕೈಗೆ ಸರಪಳಿ ಹಾಕಲಿಕ್ಕೆ. ಹೈದರ್, ಟಿಪ್ಪು ಸಮಾಧಿ ಇರುವ ಗುಂಬಜ್ ಹತ್ತಿರ ಅವನ ಸ್ಮಾರಕವೂ ಇದೆ. ಒಬ್ಬನನ್ನು ಹಿಂಬಾಲಿಸಿದರೆ ಅರ್ಧ ಊರು ನೋಡಿದ ಹಾಗಾಗುತ್ತದೆ, ಅಲ್ವಾ? ಹೊಸ ದಾರಿ ಹೀಗೇ ಮಾಡಿದ್ದೇವೆ.

ರಂಗನಾಥಸ್ವಾಮಿ ದೇವಸ್ಥಾನಕ್ಕೆ ಮೊದಲು ಹೋಗುತ್ತೇವೆ. ಹಿಂದೆ ಮಧ್ಯಾಹ್ನ ತಲುಪಿ, ಬಾಗಿಲು ಹಾಕಿದ್ದನ್ನು ನೋಡಿ ಎರಡು ಸಲ ವಾಪಸ್ ಬಂದಿದ್ದೇವೆ. ರೈಲು ಹಳಿಗೆ ಜಾಗ ಬಿಡಲು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ ಟಿಪ್ಪು ಕಾಲದ ಶಸ್ತ್ರಾಗಾರವನ್ನೂ ತೋರಿಸುತ್ತೇವೆ. ಮಕ್ಕಳಿಗೆ ಬಹುಶಃ ಅದೇ ಜಾಸ್ತಿ ಇಷ್ಟವಾಗಬಹುದು. ದಿವಾನ್ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಹತ್ತಿರ ಚಹಾ.

ಸಂಗಮ ಕೊನೆಗೆ. ಕಾವೇರಿಯ ಎರಡು ಕವಲು ಅಲ್ಲಿ ಮತ್ತೆ ಒಂದಾಗುತ್ತವೆ. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನ ತೆಪ್ಪ ಹತ್ತಿಸುವುದಿಲ್ಲ, ಯಾರು ಎಷ್ಟು ಕೇಳಿದರೂ ಇಲ್ಲ. ತೆಪ್ಪದ 100 ರೂಪಾಯಿ ಅಲ್ಲೇ ವಾಪಸ್ ಕೊಡುತ್ತೇವೆ.

ಜುಲೈಗೆ ಮೊದಲೇ ಹಣ ಕಟ್ಟಿದವರಿಗೆ ವ್ಯತ್ಯಾಸದ 300 ರೂಪಾಯಿ ಈ ವಾರವೇ ಖಾತೆಗೆ ಬರುತ್ತದೆ. ಮೈಸೂರಿಗಾಗಿಯೇ ಬುಕ್ ಮಾಡಿದ್ದವರು ಒಂದು ಮಾತು ಹೇಳಿ, ಪೂರ್ತಿ ಹಣ ಕೊಡುತ್ತೇವೆ. ನಡೆಯುವುದು ಹಿಂದಿಗಿಂತ ಜಾಸ್ತಿ ಇದೆ. ಮಂಡಿನೋವಿನವರು ಬುಕ್ ಮಾಡುವಾಗಲೇ ತಿಳಿಸಿ, ಗುಂಬಜ್‌ಗೂ ಸಂಗಮಕ್ಕೂ ಆಟೊ ಹೇಳಿರುತ್ತೇವೆ. ಕೊಡೆ ಮರೆಯಬೇಡಿ.

ನಿಮ್ಮ
ಪ್ರವಾಸಿ ಸಹಕಾರ ಸಂಘದ ಸದಸ್ಯರು